ಮಾದರಿಯೂ ಮೂಲವೂ: ‘ಡೆಲ್ಟಿಕ್’ ರೈಲು ಎಂಜಿನನ್ನು ಕುರಿತು ಒಂದು ಸಾಕ್ಷ್ಯವಿಚಾರ

ಶಾಸನ, ನಾಣ್ಯ, ಕಡತಗಳನ್ನು ಚರಿತ್ರೆಯ ಆಧಾರಗಳೆಂದು ಅಂಗೀಕರಿಸುವ ನಾವು ಯಂತ್ರಗಳ ಕಿರುಮಾದರಿಗಳನ್ನು ಆಟಿಕೆಗಳೆಂದು ಬದಿಗಿರಿಸುವುದು ವಾಡಿಕೆ. ‘ಪ್ರಮಾಣ’ ಎಂಬ ಶಬ್ದಕ್ಕೆ ಅಳತೆಯೆಂದೂ ಸಾಕ್ಷ್ಯವೆಂದೂ ಎರಡು ಅರ್ಥಗಳುಂಟು. ಮೊದಲನೆಯ ಅರ್ಥದಲ್ಲಿ ಪ್ರಮಾಣಬದ್ಧವಾದ ವಸ್ತು ಎರಡನೆಯ ಅರ್ಥದಲ್ಲಿಯೂ ಪ್ರಮಾಣವಾಗಬಲ್ಲುದೆ? ಇಂಗ್ಲೆಂಡಿನ ‘ಡೆಲ್ಟಿಕ್’ ಡೀಸೆಲ್ ಎಂಜಿನನ್ನೂ ಅದರ ಮಾದರಿಗಳನ್ನೂ ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಮೊದಲು ಮೂಲವನ್ನು ನೋಡಬೇಕು. ಇಂಗ್ಲಿಷ್ ಎಲೆಕ್ಟ್ರಿಕ್ ಸಂಸ್ಥೆಯು ಸ್ವಂತ ಖರ್ಚಿನಲ್ಲಿ ಪ್ರೆಸ್ಟನ್ನಿನ ಕಾರ್ಖಾನೆಯಲ್ಲಿ ಇದರ ಪ್ರಥಮ ಪ್ರಯೋಗರೂಪವನ್ನು 1955ರಲ್ಲಿ ಸಿದ್ಧಪಡಿಸಿತು. ನೌಕಾಪಡೆಯ ವೇಗದ ದೋಣಿಗಳಿಗಾಗಿ ನೇಪಿಯರ್ ಸಂಸ್ಥೆ ರೂಪಿಸಿದ್ದ ಡೀಸೆಲ್ ಯಂತ್ರಗಳೆರಡನ್ನು ಇದರಲ್ಲಿ ಅಳವಡಿಸಲಾಯಿತು. ಒಂದೊಂದರಲ್ಲಿಯೂ 18 ಸಿಲಿಂಡರುಗಳು, ಎದುರುಬದುರಾಗಿ ಚಲಿಸುವ 36 ಪಿಸ್ಟನ್ನುಗಳು. ಸಿಲಿಂಡರುಗಳ ಜೋಡಣೆಯು ತಲೆಕೆಳಗಾದ ಗ್ರೀಕ್ ‘ಡೆಲ್ಟಾ’ ಅಕ್ಷರದಂತೆ ತ್ರಿಕೋನಾಕಾರವಾಗಿದ್ದುದೇ ಹೆಸರಿಗೆ ಕಾರಣ. ಎರಡೂ ಯಂತ್ರಗಳ ಒಟ್ಟು ಶಕ್ತಿ 3,300 ಅಶ್ವಶಕ್ತಿ. ಇದರ ಯಶಸ್ಸಿನ ಫಲವಾಗಿ 1961–62ರಲ್ಲಿ 22 ಎಂಜಿನುಗಳು ಬ್ರಿಟಿಷ್ ರೈಲ್ವೆಯ ಪೂರ್ವತೀರ ಮಾರ್ಗಕ್ಕೆ ಬಂದು 55 ಉಗಿಯೆಂಜಿನುಗಳ ಕೆಲಸವನ್ನು ವಹಿಸಿಕೊಂಡವು. 1962ರ ವೇಳಾಪಟ್ಟಿಯಲ್ಲಿ ಲಂಡನ್–ಎಡಿನ್‌ಬರೊ ನಡುವಣ ಸುಮಾರು 393 ಮೈಲಿಗಳ ಪ್ರಯಾಣವು ಆರು ಗಂಟೆಗಳದಾಯಿತು. 1982ರ ಜನವರಿಯಲ್ಲಿ ಇವುಗಳ ಸೇವೆ ಮುಗಿಯಿತು.

ಇನ್ನು ಮಾದರಿಯ ವಿಚಾರ. ಲಿವರ್‌ಪೂಲಿನ ಮೆಕ್ಯಾನೊ ಸಂಸ್ಥೆಯು ‘ಹಾರ್ನ್‌ಬಿ ಡಬ್ಲೋ’ ಎಂಬ ಹೆಸರಿನಲ್ಲಿ 1960ರ ದಶಕದ ಆರಂಭದಲ್ಲಿಯೇ, ಮೂಲಗಳು ಹೊಸದಾಗಿ ಓಡುತ್ತಿದ್ದಾಗ, ಡೆಲ್ಟಿಕ್ ಮಾದರಿಗಳನ್ನು ಮಾರಾಟಕ್ಕೆ ತಂದಿತು. ಇವುಗಳ ಪ್ರಮಾಣ ಒಂದು ಅಡಿಗೆ 4 ಮಿಲಿಮೀಟರು, ಅಂದರೆ ಮೂಲದ ಸುಮಾರು 76ನೆಯ ಒಂದು ಪಾಲು. ಈ ಲೆಕ್ಕದಂತೆ 69 ಅಡಿ 6 ಅಂಗುಲದ ಎಂಜಿನು 278 ಮಿಲಿಮೀಟರಾಗುತ್ತದೆ. ತೂಕವಾದರೋ ಉದ್ದದ ಘನಕ್ಕನುಗುಣವಾಗಿ ಇಳಿಯುವುದರಿಂದ 99 ಟನ್ನು ಕೇವಲ 227 ಗ್ರಾಮಿನಷ್ಟಾಗಬೇಕು. ಆಕಾರವನ್ನು ಕುಗ್ಗಿಸಬಹುದು, ಭಾರ, ಸದ್ದು, ಬಿಸಿ ಇವು ಅದೇ ನಿಯಮಕ್ಕೆ ಒಳಪಡುವುದಿಲ್ಲ.

ಹಳಿಯ ಅಗಲದಲ್ಲಿ ಮಾದರಿಯು ಇನ್ನೂ ಸ್ಪಷ್ಟವಾಗಿ ತಪ್ಪುತ್ತದೆ. ನಿಜವಾದ ಹಳಿಗಳ ಅಂತರ 4 ಅಡಿ 8½ ಅಂಗುಲ. ಮಾದರಿಯಲ್ಲಿ ಅದು 18.83 ಮಿಲಿಮೀಟರಿರಬೇಕಾಗಿತ್ತು. ಇರುವುದು 16.5 ಮಾತ್ರ. ಇದು ನಿಜದ ಸುಮಾರು 4 ಅಡಿ 1½ ಅಂಗುಲಕ್ಕೆ ಸಮ. ಇದು ಅಜಾಗರೂಕತೆಯಲ್ಲ. ಬ್ರಿಟಿಷ್ ಎಂಜಿನುಗಳ ಒಡಲು ಕಿರಿದು; ಎರಡು ಮಹಾಯುದ್ಧಗಳ ನಡುವಣ ಕಾಲದ ವಿದ್ಯುತ್ ಮೋಟಾರುಗಳು ಇನ್ನೂ ಚಿಕ್ಕ ಪ್ರಮಾಣದ ಒಡಲಿನಲ್ಲಿ ಹಿಡಿಸುತ್ತಿರಲಿಲ್ಲ. ಆದುದರಿಂದ ತಯಾರಕರು ಒಡಲನ್ನು ಹಿಗ್ಗಿಸಿ, ಆಗಲೇ ಬಳಕೆಯಲ್ಲಿದ್ದ ಹಳಿಯನ್ನು ಹಾಗೆಯೇ ಉಳಿಸಿಕೊಂಡರು. ಮೋಟಾರುಗಳು ಚಿಕ್ಕದಾದ ಮೇಲೂ ಆ ಅಳತೆ ಬದಲಾಗಲಿಲ್ಲ. ಒಮ್ಮೆ ಕೊಂಡ ಹಳಿಯನ್ನು ಯಾರೂ ಸುಲಭವಾಗಿ ತ್ಯಜಿಸುವುದಿಲ್ಲ. ಹೀಗೆ ಮೂಲದ ವಿಷಯದಲ್ಲಿ ಸುಳ್ಳು ಹೇಳುವ ಅಂಶವೇ ಮಾದರಿಯನ್ನು ಮಾಡಿದವರ ವಿಷಯದಲ್ಲಿ ಸತ್ಯವನ್ನು ನುಡಿಯುತ್ತದೆ.

ಒಳಭಾಗವನ್ನು ಪರೀಕ್ಷಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಮೂಲದಲ್ಲಿ ಡೀಸೆಲ್ ಯಂತ್ರಗಳು ಚಕ್ರಗಳನ್ನು ನೇರವಾಗಿ ತಿರುಗಿಸುತ್ತಿರಲಿಲ್ಲ. ಅವು ವಿದ್ಯುತ್ತನ್ನು ಉತ್ಪಾದಿಸುತ್ತಿದ್ದವು, ಆರು ಅಚ್ಚುಗಳಿಗೆ ಆರು ಮೋಟಾರುಗಳಿದ್ದವು. ಮಾದರಿಯಲ್ಲಿ ಒಂದು ಬೋಗಿಯಲ್ಲಿರುವ ಒಂದೇ ಮೋಟಾರಿಗೆ ವಿದ್ಯುತ್ತು ಕಂಬಿಯಿಂದ ಬರುತ್ತದೆ. ಮೋಟಾರು ಉಳಿದಿದೆ, ಹೆಸರಿಗೆ ಕಾರಣವಾದ ತ್ರಿಕೋನಯಂತ್ರವೇ ಮಾಯವಾಗಿದೆ. ಆ ಯಂತ್ರಗಳನ್ನು ಕಳಚಿ, ಬದಲಿಸಿ, ದುರಸ್ತಿಗೆ ಕಳುಹಿಸುತ್ತಿದ್ದ ಕಾರ್ಮಿಕರ ಶ್ರಮವೂ ಅದರೊಡನೆ ಮರೆಯಾಗಿದೆ.

ಆದರೂ ಮಾದರಿಯನ್ನು ತಿರಸ್ಕರಿಸಲಾಗದು. ಡರ್ಬಿ ಪಂದ್ಯವನ್ನು ಗೆದ್ದ ಕುದುರೆಗಳ ಹೆಸರು ಹೊತ್ತ ‘ಸೇಂಟ್ ಪ್ಯಾಡಿ’, ‘ಕ್ರೆಪೆಲ್ಲೊ’ ಎಂಬ ಎಂಜಿನುಗಳ ಮಾದರಿಗಳನ್ನು ಡಬ್ಲೋ ತಯಾರಿಸಿತ್ತು. ಪ್ರಯೋಗರೂಪವೂ 22ರಲ್ಲಿ ಆರೂ ಇಂದು ರಕ್ಷಿತವಾಗಿವೆ. ಆದರೆ ಈ ಎರಡು ಆ ಆರರಲ್ಲಿಲ್ಲ, ಅವು ಗುಜರಿಯ ಪಾಲಾದವು. ಅವುಗಳ ಮಾದರಿಗಳು ಸಂಗ್ರಾಹಕರಲ್ಲಿ ಉಳಿದಿವೆ.

ಆದುದರಿಂದ ನಮ್ಮ ನಿರ್ಣಯವಿಷ್ಟು: ಮಾದರಿಯನ್ನು ಮೂಲದ ಪ್ರತಿಬಿಂಬವೆಂದು ಓದದೆ, ತನ್ನ ಕಾಲದಲ್ಲಿ ಬರೆದ ಒಂದು ದಾಖಲೆಯೆಂದು ಓದಬೇಕು. ಅದು ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು, ಯಾವ ಅನಿವಾರ್ಯತೆಯಿಂದ ಬಿಟ್ಟಿತು ಎಂದು ಕೇಳುವ ವಿದ್ಯಾರ್ಥಿಗೆ ಅದು ಆಟಿಕೆಯಾಗಿ ಉಳಿಯದೆ ಆಧಾರವಾಗುತ್ತದೆ.