ಸೆರೆಯಾಳುಗಳು ನಡೆದ ಹಿಮದ ಹಾದಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡೀರ್‌ಫೀಲ್ಡ್‌ನಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಾಗಿಲೊಂದಿದೆ. ಅದರ ನಡುವೆ ಕೊಡಲಿಯಿಂದ ಕಡಿದ ರಂಧ್ರವಿದೆ. ಗಡಿನಾಡಿನ ಸೆರೆಯಾಳುಗಳ ಜಾಡು ಹಿಡಿದು ಹೊರಡುವ ಪ್ರವಾಸಿಗರು ಮೊದಲು ನೋಡಬೇಕಾದದ್ದು ಇದನ್ನೇ.

ಮೂಲತಃ ಪೊಕಮ್ಟಕ್ ಜನರ ನೆಲವಾಗಿದ್ದ ಡೀರ್‌ಫೀಲ್ಡ್, 18ನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ವಸಾಹತಿನ ಗಡಿಯೂರಾಗಿತ್ತು. ಯೂರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ನಡೆದಿದ್ದ ಯುದ್ಧ ಇಲ್ಲಿಗೂ ಹಬ್ಬಿತು. 1704ರ ಫೆಬ್ರುವರಿ 29ರ ನಸುಕಿನಲ್ಲಿ ಫ್ರೆಂಚರು ಹಾಗೂ ಅವರ ಮಿತ್ರರಾದ ಅಬೆನಾಕಿ, ಮೊಹಾಕ್, ವೆಂಡಾಟ್ ಮೊದಲಾದ ಮೂಲನಿವಾಸಿ ಯೋಧರು ಊರಿನ ಮೇಲೆ ಎರಗಿದರು. ಮರದ ಕೋಟೆಗೆ ಒತ್ತಿಕೊಂಡು ಗುಡ್ಡೆಯಾಗಿದ್ದ ಹಿಮವೇ ಅವರಿಗೆ ಏಣಿಯಾಯಿತು. ಗಂಡಸರು, ಹೆಂಗಸರು, ಮಕ್ಕಳು ಸೇರಿ 112 ಮಂದಿ ಸೆರೆಯಾದರು.

ಅಲ್ಲಿಂದ ಕೆನಡಾಕ್ಕೆ ಸುಮಾರು 300 ಮೈಲಿ. ಪಾದ್ರಿ ಜಾನ್ ವಿಲಿಯಮ್ಸ್ ಅವರ ಪತ್ನಿ ಯೂನಿಸ್ ಹಸಿಬಾಣಂತಿ. ಗ್ರೀನ್ ನದಿ ದಾಟುವಾಗ ಬಿದ್ದ ಆಕೆ ಮುಂದೆ ನಡೆಯಲಾರದೆ ಹೋದಾಗ ಕೊಂದುಹಾಕಲಾಯಿತು. ಆ ಜಾಗದ ಬಳಿ ಈಗ ಸ್ಮಾರಕಶಿಲೆ ಇದೆ. ಉತ್ತರಕ್ಕೆ ಸಾಗಿದರೆ, ವಿಲಿಯಮ್ಸ್ ಭಾನುವಾರ ಸಹಬಂದಿಗಳಿಗೆ ಧರ್ಮೋಪದೇಶ ಮಾಡಿದ ನದೀಮುಖ ಸಿಗುತ್ತದೆ. ಆ ನದಿಗೆ ಅವರದೇ ಹೆಸರು. ಕೊನೆಗೆ ಕೆನಡಾ ತಲುಪಿದವರು 89 ಮಂದಿ.

ಸೆರೆಯಾಳುಗಳನ್ನು ಒಯ್ದದ್ದು ಹಣಕ್ಕಾಗಿ ಅಥವಾ ಕೈದಿಗಳ ವಿನಿಮಯಕ್ಕಾಗಿ ಮಾತ್ರವಲ್ಲ. ಯುದ್ಧ, ರೋಗಗಳಿಂದ ತಮ್ಮವರನ್ನು ಕಳೆದುಕೊಂಡ ಮೂಲನಿವಾಸಿ ಕುಟುಂಬಗಳು ಬಂದಿಗಳನ್ನು ದತ್ತು ಪಡೆದು ಆ ಸ್ಥಾನ ತುಂಬಿಸಿಕೊಳ್ಳುವ ಪದ್ಧತಿಯೂ ಇತ್ತು.

ವಿಲಿಯಮ್ಸ್ 1706ರಲ್ಲಿ ಬಿಡುಗಡೆಯಾಗಿ ಮರಳಿದರು. ಮರುವರ್ಷ ಪ್ರಕಟವಾದ ಅವರ ಸೆರೆವಾಸದ ಕಥನ ಮನೆಮಾತಾಯಿತು. ಆದರೆ ಏಳು ವರ್ಷದವಳಿದ್ದಾಗ ಸೆರೆಯಾದ ಮಗಳು, ತಾಯಿಯ ಹೆಸರೇ ಹೊತ್ತ ಯೂನಿಸ್, ಮರಳಲಿಲ್ಲ. ಮಾಂಟ್ರಿಯಲ್ ಸಮೀಪದ ಕಾನಾವಾಕೆಯ ಮೊಹಾಕ್ ಕುಟುಂಬದಲ್ಲಿ ಬೆಳೆದು, ಇಂಗ್ಲಿಷ್ ಮರೆತು, ಕ್ಯಾಥೊಲಿಕಳಾಗಿ, 1713ರಲ್ಲಿ ಮೊಹಾಕ್ ತರುಣನನ್ನು ವರಿಸಿದಳು. ಮುಂದೆ ತವರಿನ ಬಂಧುಗಳನ್ನು ಕಾಣಲು ಹಲವು ಬಾರಿ ಬಂದರೂ ಅಲ್ಲಿ ನಿಲ್ಲಲಿಲ್ಲ. 1785ರಲ್ಲಿ ಕಾನಾವಾಕೆಯಲ್ಲೇ ತೀರಿಕೊಂಡಳು.

ಬಹುಕಾಲ ಡೀರ್‌ಫೀಲ್ಡ್‌ನ ಸ್ಮಾರಕಗಳು ಹೇಳಿದ್ದು ವಲಸಿಗರ ಕಣ್ಣೀರಿನ ಕಥೆಯನ್ನು. ದಾಳಿಗೆ 300 ವರ್ಷ ತುಂಬಿದ 2004ರ ವೇಳೆಗೆ ಇಂಗ್ಲಿಷರು, ಫ್ರೆಂಚರು, ಅಬೆನಾಕಿಗಳು, ಮೊಹಾಕರು, ವೆಂಡಾಟರು ಹೀಗೆ ಐದೂ ಸಮುದಾಯಗಳ ಕಣ್ಣಿನಿಂದ ಘಟನೆಯನ್ನು ವಿವರಿಸುವ ಪ್ರಯತ್ನ ಅಲ್ಲಿ ನಡೆಯಿತು. ಆದ್ದರಿಂದ ಈ ಪ್ರವಾಸ ಕಾನಾವಾಕೆ ಮುಟ್ಟದೆ ಪೂರ್ಣವಾಗದು. ತಂದೆಗೆ ಸೆರೆಮನೆಯಾಗಿದ್ದ ನೆಲವೇ ಮಗಳಿಗೆ ಮನೆಯಾಯಿತು. ಮೊಹಾಕರು ಇಂದಿಗೂ ಅಲ್ಲಿ ಬಾಳುತ್ತಿದ್ದಾರೆ.