ಕೀಟದ ತತ್ತಿ ಒಡೆಯುವಿಕೆಯ ಛಾಯಾಗ್ರಹಣ

ಕೀಟದ ತತ್ತಿಯಿಂದ ಮರಿ ಹೊರಬರುವುದನ್ನು ಹಲವು ಪಟ್ಟು ಹಿಗ್ಗಿಸಿ ಚಿತ್ರಿಸಲು ಎರಡು ಅನುಕೂಲ ಕೂಡಿಬರಬೇಕು: ಚಿಪ್ಪಿನ ಕೆತ್ತನೆ ಸ್ಪಷ್ಟವಾಗಿ ಕಾಣಬೇಕು, ಒಳಗಿನ ಜೀವವೂ ಉಳಿದಿರಬೇಕು. ಇವು ಬಹುಕಾಲ ಒಟ್ಟಿಗೆ ಒದಗಲಿಲ್ಲ.

1665ರಲ್ಲಿ ರಾಬರ್ಟ್ ಹುಕ್ ‘ಮೈಕ್ರೊಗ್ರಾಫಿಯ’ದಲ್ಲಿ ರೇಷ್ಮೆಹುಳುವಿನ ತತ್ತಿಯನ್ನು ವರ್ಣಿಸಿದಾಗ ಕೈಯಿಂದ ಬರೆದ ಚಿತ್ರವೇ ಗತಿ. 1845ರಲ್ಲಿ ದೊನೆ ಮತ್ತು ಫೂಕೊ ಸೂಕ್ಷ್ಮದರ್ಶಕದ ಛಾಯಾಚಿತ್ರಗಳನ್ನು ಆಧರಿಸಿದ ಅಟ್ಲಾಸ್ ತಂದರು. 1965ರಲ್ಲಿ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮಾರಾಟಕ್ಕೆ ಬಂದ ಮೇಲೆ ಚಿಪ್ಪಿನ ಉಸಿರುರಂಧ್ರಗಳೂ ಕಂಡವು. ಹಾವರ್ಡ್ ಹಿಂಟನ್‌ನ ಈ ಬಗೆಯ ಅಧ್ಯಯನ ಅವನು ತೀರಿಕೊಂಡ ಮೇಲೆ, 1981ರಲ್ಲಿ, ಮೂರು ಸಂಪುಟಗಳಾಗಿ ಅಚ್ಚಾಯಿತು. ಆದರೆ ಆ ಯಂತ್ರದೊಳಗೆ ನಿರ್ವಾತ. ಅಲ್ಲಿ ತತ್ತಿ ಒಡೆಯುವ ಮಾತೇ ಇಲ್ಲ.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಹೊಲಗಳ ಹತ್ತಿ, ಕಡಲೆಗೆ ಬೀಳುವ ಹಸಿರು ಕಾಯಿಕೊರಕದ ತತ್ತಿ ಈ ಕಷ್ಟಕ್ಕೆ ಒಳ್ಳೆಯ ನಿದರ್ಶನ. ಅಗಲ ಸುಮಾರು ಅರ್ಧ ಮಿಲಿಮೀಟರು. ಮೈಮೇಲೆ ಮೇಲಿನಿಂದ ಕೆಳಗಿಳಿಯುವ ಏಣುಗೆರೆಗಳು. ಇಟ್ಟಾಗ ಹಳದಿ ಬಿಳುಪು, ಆಮೇಲೆ ಕಂದು ಉಂಗುರ, ಒಡೆಯುವ ಮುನ್ನ ಚಿಪ್ಪಿನೊಳಗೆ ಮರಿಯ ಕಪ್ಪು ತಲೆ. ಇದೆಲ್ಲ ಮೂರು ನಾಲ್ಕು ದಿನದ ಆಟ. ಕೆನಾನ್ 1999ರಲ್ಲಿ ತಂದ ಎಂಪಿ-ಇ 65 ಮಸೂರ ವಸ್ತುವನ್ನು ಐದು ಪಟ್ಟಿನವರೆಗೆ ಹಿಗ್ಗಿಸುತ್ತದೆ. ಆದರೆ ಬೆಳಕಿನ ಕಂಡಿಯನ್ನು ಪೂರಾ ತೆರೆದರೆ ಸ್ಪಷ್ಟವಾಗುವ ಆಳ ಸುಮಾರು 0.05 ಮಿಲಿಮೀಟರು, ಅಂದರೆ ತತ್ತಿಯ ಹತ್ತನೇ ಒಂದು ಪಾಲು. ಕಂಡಿಯನ್ನು ಕಿರಿದಾಗಿಸಿದರೆ ಬೆಳಕು ಚದುರಿ ಚಿತ್ರ ಮಸುಕಾಗುತ್ತದೆ. ಬೇರೆ ಬೇರೆ ಆಳದ ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆಸೆಯುವ ಉಪಾಯ ಅಲುಗಾಡದ ತತ್ತಿಗೆ ಸರಿ. ಚಿಪ್ಪು ಕೊರೆಯುತ್ತಿರುವ ಮರಿಗೆ ಸಲ್ಲದು. ಬಿಸಿ ದೀಪ ಹತ್ತಿರ ತಂದರೆ ತತ್ತಿ ಒಣಗುತ್ತದೆ. ಹೀಗಾಗಿ ಫ್ಲ್ಯಾಶ್ ಇಲ್ಲವೇ ಎಲ್‌ಇಡಿ ಬೆಳಕು.

ಯಾವಾಗ ಒಡೆಯುತ್ತದೆಂದು ಕಾಯುವುದು ಇನ್ನೊಂದು ತೊಂದರೆ. ಇದಕ್ಕೆ ಮದ್ದು ರೇಷ್ಮೆ ಸಾಕುವವರ ಬಳಿ ಹಿಂದಿನಿಂದಲೂ ಇದೆ: ನೀಲಿಗಟ್ಟಿದ ಮೊಟ್ಟೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿಟ್ಟು ಬೆಳಗಿನ ಬೆಳಕಿಗೆ ಒಡ್ಡಿದರೆ ಮರಿಗಳು ಹೆಚ್ಚುಕಡಿಮೆ ಒಟ್ಟಿಗೇ ಏಳುತ್ತವೆ. ಕಾಯಿಕೊರಕದ ತತ್ತಿಗಾದರೆ ಬಣ್ಣವೇ ಗಡಿಯಾರ.

ಹೊಲದಿಂದ ತಂದ ತತ್ತಿಯಲ್ಲಿ ಮರಿಯೇ ಇರುತ್ತದೆನ್ನಲಾಗದು. ಟ್ರೈಕೋಗ್ರಾಮ ಎಂಬ ಪುಟ್ಟ ಕಣಜ ಅದರೊಳಗೆ ತನ್ನ ತತ್ತಿ ಇಟ್ಟಿದ್ದರೆ ಕಂದು ಉಂಗುರದ ಬದಲು ಇಡೀ ಚಿಪ್ಪು ಕಪ್ಪಾಗುತ್ತದೆ; ಕೊನೆಗೆ ದುಂಡನೆಯ ತೂತು ಕೊರೆದು ಹೊರಬರುವುದು ಕಾಯಿಕೊರಕದ ಮರಿಯಲ್ಲ, ಕಣಜ.