ಪಟ್ಟಿಯಲ್ಲಿದ್ದವರು, ಸಭೆಯಲ್ಲಿಲ್ಲದವರು

1

ವಿಶ್ವವಿದ್ಯಾಲಯದಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಒಂದು ಸಂಶೋಧನೆ. ಅದು ಶುದ್ಧ. ಇನ್ನೊಂದು ಆಡಳಿತ. ಅದು ಗುಮಾಸ್ತರದು, ರಾಜಕಾರಣಿಗಳದು, ಕೊಳಕು. ವಿದ್ವಾಂಸನಾದವನು ಮೊದಲನೆಯದರಲ್ಲಿ ಮುಳುಗಿರಬೇಕು, ಎರಡನೆಯದರ ಕಡೆ ತಲೆ ಹಾಕಬಾರದು. ಈ ಮಾತು ಯಾರಿಗೆ ಅನುಕೂಲ ಅನ್ನೋದು, ಮೂವತ್ತು ವರ್ಷ ಪಾಠ ಹೇಳಿದ ನನಗೆ ಬಹಳ ತಡವಾಗಿ ಗೊತ್ತಾಯ್ತು. ಸಭೆಯೊಳಗೆ ಆಗಲೇ ಕುರ್ಚಿ ಇದ್ದವರು ಮಾತ್ರ ಸಭೆಯನ್ನು ಕೊಳಕು ಅಂದು ಸುಮ್ಮನಿರಬಲ್ಲರು. ನಮಗೆ ಆ ಸೌಕರ್ಯ ಇರಲಿಲ್ಲ.

ದಲಿತ ವಿಮರ್ಶೆ ಇಲ್ಲಿಯವರೆಗೆ ಕಾವ್ಯವನ್ನು ಓದಿದೆ, ಕಾದಂಬರಿಯನ್ನು ಓದಿದೆ, ಪುರಾಣವನ್ನು ಒಡೆದು ನೋಡಿದೆ. ವಿಶ್ವವಿದ್ಯಾಲಯದ ನಡಾವಳಿ ಪುಸ್ತಕವನ್ನೂ ಅದೇ ಕಣ್ಣಿನಿಂದ ಓದಬೇಕು ಎಂಬುದು ನನ್ನ ವಾದ. ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

2

1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಮಾನವಶಾಸ್ತ್ರದ ಸೆಮಿನಾರೊಂದರಲ್ಲಿ, ಇಪ್ಪತ್ತೈದು ವರ್ಷದ ಅಂಬೇಡ್ಕರ್ ಭಾರತದ ಜಾತಿಗಳ ಹುಟ್ಟನ್ನು ಕುರಿತು ಪ್ರಬಂಧ ಓದಿದರು. ಸ್ವಜಾತಿಯೊಳಗಿನ ಮದುವೆಯ ಕಟ್ಟುಪಾಡೇ ಜಾತಿಯ ಕೀಲಿ ಎಂಬುದು ಅವರ ನಿಲುವು. ಅಸ್ಪೃಶ್ಯನೊಬ್ಬ ಜಾತಿಯ ಬಗ್ಗೆ ಮಾಹಿತಿ ಕೊಡುವವನಾಗಿ ಅಲ್ಲ, ಸಿದ್ಧಾಂತ ಕಟ್ಟುವವನಾಗಿ ವಿದ್ವತ್ ಸಭೆಯಲ್ಲಿ ನಿಂತಿದ್ದ.

ಅದೇ ವರ್ಷದ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ನಂಜುಂಡಯ್ಯನವರು ಹಿಂದಿನ ವರ್ಷವಷ್ಟೇ ಸ್ಥಾಪನೆಯಾಗಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಹೌದು. ಅವರಿಗೆ ಇನ್ನೊಂದು ಕೆಲಸವೂ ಇತ್ತು. ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳ ಸಮೀಕ್ಷೆಯ ಹೊಣೆ ಅವರದಾಗಿತ್ತು. ಅವರು ಕೂಡಿಸಿದ್ದ ಸಾಮಗ್ರಿಯನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಬೆಳೆಸಿದರು. ವಿಶ್ವವಿದ್ಯಾಲಯವೇ ಅದನ್ನು 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಹೊಲೆಯರು, ಮಾದಿಗರು ಹೇಗೆ ಮದುವೆಯಾಗುತ್ತಾರೆ, ಹೇಗೆ ಹೆರುತ್ತಾರೆ, ಸತ್ತವರನ್ನು ಏನು ಮಾಡುತ್ತಾರೆ, ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಎಲ್ಲವೂ ಅಲ್ಲಿದೆ.

ಆ ವಿದ್ವಾಂಸರ ಶ್ರಮವನ್ನು ನಾನು ಹೀಗಳೆಯುತ್ತಿಲ್ಲ. ಇವತ್ತಿಗೂ ಆ ಸಂಪುಟಗಳಿಲ್ಲದೆ ನಮ್ಮ ಕೆಲಸ ಸಾಗದು. ನಾನು ಹೇಳುತ್ತಿರುವುದು ಒಂದು ವ್ಯವಸ್ಥೆಯ ಬಗ್ಗೆ. ಒಂದೇ ಕಟ್ಟಡದೊಳಗೆ ಎಷ್ಟೊಂದು ಬಗೆಯ ಸಂಶೋಧನೆ ನೋಡಿ. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದರು. 1916ರಲ್ಲಿ ಆ ಲೈಬ್ರರಿ ವಿಶ್ವವಿದ್ಯಾಲಯಕ್ಕೆ ಸೇರಿತು. ಒಂದು ಕಡೆ ತಾಳೆಗರಿ, ಅದಕ್ಕೆ ಗ್ರಂಥ ಸಂಪಾದನೆ. ಇನ್ನೊಂದು ಕಡೆ ಕೇರಿ, ಅದಕ್ಕೆ ಸಮೀಕ್ಷೆ. ತಾಳೆಗರಿಯ ವಾರಸುದಾರರು ಓದುಗರಾದರು. ಕೇರಿಯ ವಾರಸುದಾರರು ಪಟ್ಟಿಯಾದರು. ಎರಡೂ ಸಂಶೋಧನೆಯೇ, ಆದರೆ ಎರಡನ್ನೂ ನಡೆಸಿದ ಸಭೆಯಲ್ಲಿ ಕೂತವರು ಒಂದೇ ಕಡೆಯಿಂದ ಬಂದವರು.

ಇದನ್ನು ಕಂಡ ಬ್ರಾಹ್ಮಣೇತರರು ಸಂಸ್ಥಾನದಲ್ಲಿ ದನಿ ಎತ್ತಿದರು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, 1919ರಲ್ಲಿ ವರದಿ ಕೊಟ್ಟಿತು. ಅದು ಬ್ರಾಹ್ಮಣರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದುಳಿದವರೆಂದಿತು. ಬಾಗಿಲು ತೆರೆಯಿತು ನಿಜ. ಆದರೆ ‘ಉಳಿದವರೆಲ್ಲ’ ಅನ್ನೋ ಸಾಲಿನ ಕೊನೆಯಲ್ಲಿ ನಿಂತವರಿಗೆ ಬಾಗಿಲು ಕಾಣುವಷ್ಟರಲ್ಲಿ ಎರಡು ತಲೆಮಾರು ಕಳೆದವು.

3

ಆಡಳಿತವೂ ಸಂಶೋಧನೆಯೂ ಒಂದೇ ಪ್ರಶ್ನೆ ಎಂಬುದನ್ನು ಸ್ಪಷ್ಟವಾಗಿ ಕಂಡವರು ಅಂಬೇಡ್ಕರ್. 1924ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸುಧಾರಣಾ ಸಮಿತಿ ಕಳಿಸಿದ ಪ್ರಶ್ನಾವಳಿಗೆ ಅವರು ಉತ್ತರ ಬರೆದರು. ಬರೀ ಪರೀಕ್ಷೆ ನಡೆಸಿ ಪದವಿ ಹಂಚುವುದು ವಿಶ್ವವಿದ್ಯಾಲಯದ ಕೆಲಸವಲ್ಲ, ಬೋಧನೆ ಮತ್ತು ಸಂಶೋಧನೆಯನ್ನು ಬೇರೆ ಮಾಡಬಾರದು ಎಂದರು. 1927ರಲ್ಲಿ ಅದೇ ವಿಶ್ವವಿದ್ಯಾಲಯದ ಕಾಯಿದೆ ತಿದ್ದುಪಡಿ ಮುಂಬಯಿ ಶಾಸನ ಪರಿಷತ್ತಿಗೆ ಬಂದಾಗ, ಸೆನೆಟಿನಲ್ಲಿ ಹಿಂದುಳಿದವರ ಪ್ರಾತಿನಿಧ್ಯ ಎಲ್ಲಿ ಎಂದು ಕೇಳಿದರು. ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ ವರ್ಷವೂ ಅದೇ. ಕೆರೆಯ ನೀರು ಮತ್ತು ಸೆನೆಟಿನ ಕುರ್ಚಿ ಅವರಿಗೆ ಎರಡು ಬೇರೆ ಹೋರಾಟಗಳಾಗಿರಲಿಲ್ಲ. ನಾವು ಮಾತ್ರ ಮೊದಲನೆಯದನ್ನು ನೆನೆದು ಎರಡನೆಯದನ್ನು ಮರೆತಿದ್ದೇವೆ.

4

ಈಗ ನನ್ನ ಕಥೆ. 1973ರ ನವೆಂಬರ್‌ನಲ್ಲಿ ಬಿ. ಬಸವಲಿಂಗಪ್ಪನವರ ‘ಬೂಸಾ’ ಮಾತಿಗೆ ಕಾಲೇಜುಗಳು ಹೊತ್ತಿ ಉರಿದಾಗ ನಾನಿನ್ನೂ ಹಳ್ಳಿ ಸ್ಕೂಲಿನಲ್ಲಿದ್ದೆ. ಹಾಸ್ಟೆಲ್ಲಿನಲ್ಲಿ ಏಟು ತಿಂದು ಊರಿಗೆ ಬಂದ ನಮ್ಮ ಕೇರಿಯ ಅಣ್ಣನ ಮುಖ ನೆನಪಿದೆ. ಹತ್ತು ವರ್ಷದ ಮೇಲೆ ನಾನು ಎಂ.ಎ. ಮುಗಿಸಿ ಸಂಶೋಧನೆಗೆ ಹೋದೆ. ಶಾಸನಗಳಲ್ಲಿ ಭೂಮಿಯ ಹಂಚಿಕೆ ಅನ್ನೋ ವಿಷಯ ಬರೆದುಕೊಂಡು ಹೋಗಿದ್ದೆ. ಮಾರ್ಗದರ್ಶಕರು ಓದಿ ನಕ್ಕರು. ‘ಇದಕ್ಕೆ ಸಂಸ್ಕೃತ ಬೇಕು ಕಣಪ್ಪ. ನಿಮ್ಮ ಕೇರಿ ಮೇಲೇ ಮಾಡು, ಸಾಮಗ್ರಿ ಮನೇಲೇ ಐತಲ್ಲ’ ಅಂದರು. ಕೆಟ್ಟ ಮನುಷ್ಯರಲ್ಲ ಅವರು. ನನಗೆ ಸುಲಭವಾಗಲಿ ಅಂತಲೇ ಹೇಳಿದ್ದು.

ಕ್ಷೇತ್ರಕಾರ್ಯ ಅಂತ ನಮ್ಮ ಕೇರಿಗೇ ಹೋದೆ. ಅಚ್ಚು ಹಾಕಿಸಿದ ಪ್ರಶ್ನಾವಳಿ ಹಿಡಿದು ಸೋದರತ್ತೆಯ ಮುಂದೆ ಕೂತೆ. ಹುಟ್ಟು, ಮದುವೆ, ಸಾವು, ದೇವರು, ಊಟ. ನಾಲ್ಕು ಪ್ರಶ್ನೆ ಆದಮೇಲೆ ಅವಳು ಕೇಳಿದಳು: ‘ನಿಂಗೆ ಗೊತ್ತಿರದನ್ನೇ ನನ್ ಕೇಳ್ತೀಯಲ್ಲೋ, ಯಾರ್ ಕಳಿಸಿದ್ರು ನಿನ್ನ?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಲೈಬ್ರರಿಯಲ್ಲಿ ಆ ನಾಲ್ಕು ಸಂಪುಟ ತೆಗೆದೆ. ನನ್ನ ಪ್ರಶ್ನಾವಳಿಯ ತಲೆಬರಹಗಳು ಅಲ್ಲಿದ್ದವು. ಐವತ್ತು ವರ್ಷವಾದರೂ ನಮೂನೆ ಬದಲಾಗಿರಲಿಲ್ಲ. ಕೇಳುವವನ ಜಾಗದಲ್ಲಿ ನಾನು ಕೂತಿದ್ದೆ, ಅಷ್ಟೆ. ನನ್ನ ಕೈಲಿದ್ದ ನಮೂನೆಯಲ್ಲಿ ಜಮೀನು ಎಷ್ಟು, ಕೂಲಿ ಎಷ್ಟು, ಸಾಲ ಯಾರದು ಎಂಬ ಕಲಮೇ ಇರಲಿಲ್ಲ.

ಹಾಗಂತ ಕೇರಿಯ ಮೇಲೆ ಸಂಶೋಧನೆ ಮಾಡಬಾರದು ಅಂತಲ್ಲ. ಸಿದ್ದಲಿಂಗಯ್ಯನವರು ಗ್ರಾಮದೇವತೆಗಳನ್ನೇ ವಿಷಯ ಮಾಡಿಕೊಂಡರು. ಆದರೆ ಆ ದೇವತೆಗಳ ಜೊತೆ ತಮಾಷೆ ಮಾಡುತ್ತ, ಜಗಳವಾಡುತ್ತ ಬದುಕಿದ ಜನರ ವಿವೇಕವನ್ನು ಒಳಗಿನಿಂದ ಬಲ್ಲವರಾಗಿ ಬರೆದರು. ವಸ್ತು ಹಳೆಯದೇ, ಪ್ರಶ್ನೆ ಬೇರೆ. ನಾನು ವಿರೋಧಿಸುವುದು ವಿಷಯವನ್ನಲ್ಲ, ವಿಷಯದ ಹಂಚಿಕೆಯನ್ನು. ಶಾಸನ ಅವರಿಗೆ, ಕೇರಿ ನಮಗೆ ಎಂಬ ಈ ಹಂಚಿಕೆ ಊರಿನ ಹೊಲಗದ್ದೆಯ ಹಂಚಿಕೆಯ ಹಾಗೇ ಇದೆ.

5

ಮುಂದೆ ಅಧ್ಯಯನ ಮಂಡಳಿಯಲ್ಲಿ ನನಗೂ ಒಂದು ಕುರ್ಚಿ ಸಿಕ್ಕಿತು. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ಭಾಗವನ್ನು ಸಾಹಿತ್ಯ ಪತ್ರಿಕೆಗೆ ಪಠ್ಯವಾಗಿ ಇಡೋಣ ಅಂದೆ. ‘ಅದು ಜಾನಪದಕ್ಕೆ ಹೋಗಲಿ’ ಅಂದರು. ಕಾಫಿ ಬಂತು. ನಡಾವಳಿಯಲ್ಲಿ ‘ಚರ್ಚಿಸಿ ಮುಂದೂಡಲಾಯಿತು’ ಅಂತ ಬಂತು. ನನ್ನ ಭಿನ್ನಾಭಿಪ್ರಾಯ ದಾಖಲಿಸಿ ಅಂತ ಕೇಳಬಹುದು ಅನ್ನೋದೇ ನನಗೆ ಆಗ ಗೊತ್ತಿರಲಿಲ್ಲ. ಮುಂದಿನ ವರ್ಷ ಟಿಪ್ಪಣಿ ಬರೆದುಕೊಂಡು ಹೋದೆ, ದಾಖಲಿಸಿ ಅಂದೆ. ಅದರ ಮರುವರ್ಷ ಮಂಟೇಸ್ವಾಮಿ ಐಚ್ಛಿಕ ಪಠ್ಯವಾಗಿ ಒಳಗೆ ಬಂದ.

ಕುರ್ಚಿಯ ಲೆಕ್ಕ ಹೇಗೆ ಜ್ಞಾನದ ಲೆಕ್ಕವಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ. 2017ರಲ್ಲಿ ಅಲಹಾಬಾದ್ ಹೈಕೋರ್ಟು ಅಧ್ಯಾಪಕರ ಮೀಸಲಾತಿಗೆ ಇಡೀ ವಿಶ್ವವಿದ್ಯಾಲಯವಲ್ಲ, ಒಂದೊಂದು ವಿಭಾಗವೂ ಒಂದು ಘಟಕ ಎಂದಿತು. 2018ರ ಮಾರ್ಚ್‌ನಲ್ಲಿ ಯುಜಿಸಿ ಅದನ್ನೇ ಸುತ್ತೋಲೆ ಮಾಡಿತು. ಆ 13 ಬಿಂದುಗಳ ರೋಸ್ಟರಿನಲ್ಲಿ ಪರಿಶಿಷ್ಟ ಜಾತಿಗೆ ಮೊದಲ ಹುದ್ದೆ 7ನೆಯದು, ಪರಿಶಿಷ್ಟ ಪಂಗಡಕ್ಕೆ 14ನೆಯದು. ಆರು ಹುದ್ದೆಯ ವಿಭಾಗದಲ್ಲಿ ಮೊದಲ ಸುತ್ತಿನ ನೇಮಕಾತಿಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲು ಹುದ್ದೆಯೇ ಬರುತ್ತಿರಲಿಲ್ಲ. ಅಧ್ಯಾಪಕ ಇಲ್ಲದಿದ್ದರೆ ಮಾರ್ಗದರ್ಶಕ ಇಲ್ಲ, ಮಾರ್ಗದರ್ಶಕ ಇಲ್ಲದಿದ್ದರೆ ಪ್ರಶ್ನೆಯೇ ಇಲ್ಲ. ದೇಶದಾದ್ಯಂತ ಚಳವಳಿ ನಡೆದ ಮೇಲೆ, 2019ರಲ್ಲಿ ಕೇಂದ್ರೀಯ ವಿದ್ಯಾಸಂಸ್ಥೆಗಳಿಗೆ ಕಾಯಿದೆ ತಂದು ಇಡೀ ಸಂಸ್ಥೆಯನ್ನೇ ಘಟಕ ಮಾಡಲಾಯಿತು. ಒಂದು ಪದದ ಅರ್ಥ ಬದಲಾದರೆ ಒಂದು ತಲೆಮಾರಿನ ಸಂಶೋಧನೆ ಇಲ್ಲವಾಗುತ್ತಿತ್ತು.

6

2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ತೀರಿಕೊಂಡರು. ಕೊಲಂಬಿಯಾದ ಆ ಪ್ರಬಂಧಕ್ಕೆ ಆಗ ನೂರು ವರ್ಷ ತುಂಬುತ್ತಿತ್ತು. ವಿಜ್ಞಾನದ ಬಗ್ಗೆ ಬರೆಯಬೇಕೆಂಬ ಕನಸು ರೋಹಿತರದು. ಅವರ ಕೊನೆಯ ಕಾಗದದಲ್ಲಿ ನಕ್ಷತ್ರಗಳ ಮಾತಿದೆ. ಬರಬೇಕಾದ ಏಳು ತಿಂಗಳ ಫೆಲೋಶಿಪ್ ಹಣದ ಮಾತೂ ಇದೆ. ನಾವು ನಕ್ಷತ್ರದ ಮಾತನ್ನು ಪೋಸ್ಟರಿಗೆ ಬರೆದೆವು. ಎರಡನೆಯ ಮಾತೂ ಅಷ್ಟೇ ಮುಖ್ಯ. ಆ ಹಣ ಒಂದು ಕಡತದಲ್ಲಿ, ಒಂದು ಮೇಜಿನ ಮೇಲೆ ನಿಂತಿತ್ತು.

ಆದ್ದರಿಂದ ಸಂಶೋಧನೆಗೆ ಬರುವ ನನ್ನ ಗೆಳೆಯರಿಗೆ, ಗೆಳತಿಯರಿಗೆ ಒಂದು ಮಾತು. ನಿಮ್ಮ ಪ್ರಶ್ನೆಯನ್ನು ನೀವೇ ಆರಿಸಿಕೊಳ್ಳಿ. ಶಾಸನವಾಗಲಿ, ಭೌತಶಾಸ್ತ್ರವಾಗಲಿ, ಕೇರಿಯಾಗಲಿ. ಅದರ ಜೊತೆಗೇ ನಿಮ್ಮ ವಿಶ್ವವಿದ್ಯಾಲಯದ ಕಾಯಿದೆಯ ಪುಸ್ತಕ ಕೊಳ್ಳಿ. ಕರ್ನಾಟಕದಲ್ಲಿ 1976ರ ಕಾಯಿದೆಯಲ್ಲಿದ್ದ ಸೆನೆಟು 2000ದ ಕಾಯಿದೆಯಲ್ಲಿ ಹೋಯಿತು. ಹೋದಾಗ ನಮ್ಮಲ್ಲಿ ಎಷ್ಟು ಜನ ಗಮನಿಸಿದೆವು? ಸಿಂಡಿಕೇಟಿನಲ್ಲಿ ಯಾರಿದ್ದಾರೆ, ರೋಸ್ಟರ್ ವಹಿ ಯಾರ ಬೀರುವಿನಲ್ಲಿದೆ, ಕಳೆದ ಸಭೆಯ ನಡಾವಳಿ ಏನು ಹೇಳುತ್ತದೆ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ.

ನಮ್ಮ ಸೋದರತ್ತೆ ಈಗಿಲ್ಲ. ಯಾರು ಕಳಿಸಿದ್ರು ಅಂತ ಅವಳು ಕೇಳಿದ್ದಕ್ಕೆ ನಾನು ಆವತ್ತು ‘ಯೂನಿವರ್ಸಿಟಿಯವರು’ ಅಂದಿದ್ದೆ. ‘ಅಲ್ಲಿ ನಮ್ಮೋರು ಯಾರವ್ರೆ?’ ಅಂತ ಅವಳು ಮತ್ತೆ ಕೇಳಿದ್ದಳು. ನಾನು ಪ್ರಶ್ನಾವಳಿಯ ಮುಂದಿನ ಹಾಳೆ ತಿರುವಿದೆ.